ಯಂತ್ರದ ಕೈ

ಅಂದುಂಞಿ ಶಾರ್ಜಾದಿಂದ ತಂದದ್ದು
ಎರಡು ಟೇಪ್ ರೆಕಾರ್ಡರ್, ಮೂರು ಬಾಟಲಿ ಅತ್ತರು,
ಕಂಬಳಿಯೊಳಗೆ ಸುತ್ತಿ ಯಾರೂ ಕೇಳದ ಒಂದು ಪೆಟ್ಟಿಗೆ.
ಮಕ್ಕಳ ಆಟಿಕೆ ಎಂದು
ಕಸ್ಟಮ್ಸಿನವರು ಬರೆದುಕೊಂಡರಂತೆ.

ಎಂಬತ್ತೆರಡರ ಮೇ. ಕುಂಬಳೆ ಸ್ಟೇಷನ್ ರಸ್ತೆ.
ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಮೇಜಿನ ಮೇಲೆ
ಬಿಚ್ಚಿಟ್ಟಾಗ ಅದು ಒಮ್ಮೆ ಕೀಂ ಎಂದಿತು.
ಅಂಚಿನುದ್ದಕ್ಕೂ ಗುಲಗಂಜಿಯಷ್ಟು ಕೆಂಪು ದೀಪ, ಹದಿನಾರು.
ಮನೆಯನ್ನು ಬೆರಳಲ್ಲಿ ಒತ್ತಿದರೆ ತಿಳಿದುಕೊಳ್ಳುತ್ತದೆ,
ದೀಪ ಹಚ್ಚಿ ಉತ್ತರ ಹೇಳುತ್ತದೆ,
ಕೈ ಮಾತ್ರ ಇಲ್ಲ.

ಕೈಯಾಗಿ ನನ್ನನ್ನು ಕೂರಿಸಿದರು.
ಹನ್ನೊಂದು ವರ್ಷ. ಹಗುರ ಬೆರಳು, ಕಡಿಮೆ ಮಾತು.
ಆಚೆ ಬದಿಗೆ ಮಹಾಲಿಂಗ ಮಾಸ್ಟ್ರು,
ಪೋಸ್ಟಾಫೀಸಿನ ಕೃಷ್ಣ ಶ್ಯಾನುಭೋಗರು,
ಎರಡು ಗಾಡಿಗಳ ನಡುವೆ ಸಿಕ್ಕಷ್ಟು ಹೊತ್ತು
ಪಾಯಿಂಟ್ಸ್‌ಮನ್ ಕುಂಞಂಬು.
ಈಚೆಗೆ ನಾನು.
ನೀನೂ ಒಂದಾಟ ಆಡುತ್ತೀಯಾ ಎಂದು
ಎರಡು ವರ್ಷದಲ್ಲಿ ಯಾರೂ ಕೇಳಲಿಲ್ಲ.
ಕೈಯನ್ನು ಯಾರು ಕೇಳುತ್ತಾರೆ?

ಕರೆಂಟು ಹೋದರೆ ಅದು ಆಟವನ್ನೇ ಮರೆಯುತ್ತಿತ್ತು.
ಅಪ್ಪ ಹಳೆಯ ಬಿಲ್ಲು ಪುಸ್ತಕ ಕೊಟ್ಟ,
ಹಾಳೆಯ ಬೆನ್ನಿಗೆ ಒಂದೊಂದೇ ನಡೆ ಬರೆದಿಡು ಎಂದ.
ಸಾಲುಗಳಿಗೆ ಅ ಆ ಇ ಈ ಉ ಊ ಎ ಏ ಎಂದು ಹೆಸರಿಟ್ಟೆ.
ಕುದುರೆ ಈ-ಮೂರು. ಒಂಟೆ ಉ-ನಾಲ್ಕು.
ಋ ಎಲ್ಲಿ ಹೋಯಿತು ಎಂದು ಮಾಸ್ಟ್ರು ಗದರಿದರು.
ಎಂಟೇ ಮನೆ ಮಾಸ್ಟ್ರೇ, ಜಾಗ ಇಲ್ಲ.

ಎಂಟನೆಯ ಮಟ್ಟಕ್ಕಿಟ್ಟರೆ ಒಂದು ನಡೆಗೆ ಒಂದು ರಾತ್ರಿ.
ಮಲಗೆದ್ದು ಬಂದು ನೋಡಿದರೆ
ಒಂದು ಕಾಲಾಳು, ಒಂದು ಮನೆ ಮುಂದೆ.
ತಾಲೂಕು ಕಚೇರಿಯೇ ವಾಸಿ ಎಂದರು ಯಾರೋ.

ಅದರ ಗುಣವನ್ನು ಮೊದಲು ಹಿಡಿದವರು ಮಾಸ್ಟ್ರು.
ಐದು ನಡೆಯಾಚೆ ಅದಕ್ಕೆ ಕಾಣದು.
ಐದನೆಯದರಲ್ಲಿ ಸೋಲು ಕಂಡಿತೋ,
ಒಂದು ಕಾಲಾಳನ್ನು ಎಸೆಯುತ್ತದೆ, ಒಂದು ಕುದುರೆಯನ್ನು,
ಸೋಲು ಆರನೆಯದಕ್ಕೆ ಸರಿಯುತ್ತದೆ,
ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡು ನೆಮ್ಮದಿಯಾಗಿರುತ್ತದೆ.
ಅಗೋ, ಎಂದು ಕಿಟಕಿಯಾಚೆ ಹಳಿ ದಾಟಿ ಕೈ ತೋರಿಸಿದರು.
ಕಡಲು. ಅದರ ಅಂಚು.
ಎಲ್ಲರೂ ನಕ್ಕರು, ಶ್ಯಾನುಭೋಗರನ್ನು ಬಿಟ್ಟು.
ಪ್ರತಿ ನವೆಂಬರಿಗೂ ಗಡಿಯ ಬಗ್ಗೆ
ದಿಲ್ಲಿಗೊಂದು ಮನವಿ ಬರೆದು ಹಾಕುವವರು ಅವರು.
ಬರುವ ವರ್ಷ ನೋಡಿ, ಎನ್ನುತ್ತಿದ್ದರು.

ಆ ರಾತ್ರಿ ಮಾಸ್ಟ್ರು ಗೆಲ್ಲುವ ಆಟ.
ಕರೆಂಟು ಹೋಯಿತು. ಗಾಳಿಗೆಂದು
ಎಲ್ಲರೂ ಪ್ಲಾಟ್‌ಫಾರ್ಮಿಗೆ ಹೋದರು.
ಟಾರ್ಚಿನ ಬೆಳಕಿನಲ್ಲಿ ನಾನು ಬಿಲ್ಲು ಪುಸ್ತಕ ಹಿಡಿದು ಕೂತೆ,
ಕೂತೇ ಇದ್ದೆ,
ಮೆಲ್ಲನೆ ನನಗೆ ಆರನೆಯದು ಕಂಡಿತು.
ಆನೆಯನ್ನು ಬಿಟ್ಟುಕೊಡಬೇಕು.
ಯಂತ್ರ ಸತ್ತರೂ ಬಿಡುತ್ತಿರಲಿಲ್ಲ.

ಕರೆಂಟು ಬಂದಾಗ ಕಾಯಿಗಳನ್ನು ಒಂದೊಂದಾಗಿ ಒತ್ತಿ
ಆಟವನ್ನು ಅದಕ್ಕೆ ನೆನಪಿಸಿದೆ,
ನನ್ನ ನಡೆಯನ್ನೂ ಸೇರಿಸಿ.
ಅದು ಒಪ್ಪಿತು. ಅದಕ್ಕೆ ನಿನ್ನೆ ಎಂಬುದಿಲ್ಲ.

ನಡೆಯಿತೋ? ಎಂದು ಮಾಸ್ಟ್ರು ಬಾಗಿಲಿನಿಂದಲೇ ಕೇಳಿದರು.
ನಡೆಯಿತು.
ಆನೆಯನ್ನು ತಿಂದರು. ಬೀಡಿ ಹಚ್ಚಿದರು.
ಉಳಿದದ್ದನ್ನು ಅದೇ ಆಡಿ ಮುಗಿಸಿತು,
ದೀಪದ ಮೇಲೆ ದೀಪ.
ಇವತ್ತು ಇದಕ್ಕೆ ಬುದ್ಧಿ ಬಂದಿದೆ ಮಾರಾಯ್ರೇ, ಎಂದು
ಮಾಸ್ಟ್ರು ಪೆಟ್ಟಿಗೆಯ ಬೆನ್ನು ತಟ್ಟಿದರು.

ತಲೆಯೆತ್ತಿದರೆ ಕಿಟಕಿಯಲ್ಲಿ ಕುಂಞಂಬು.
ಎಷ್ಟು ಹೊತ್ತಿನಿಂದ ನಿಂತಿದ್ದನೋ.
ಏನೂ ಹೇಳಲಿಲ್ಲ. ಕೈದೀಪವನ್ನು ತಿರುಗಿಸಿ
ಒಂದು ಕ್ಷಣ ಹಸಿರು ತೋರಿಸಿ
ಮಂಗಳೂರು ಗಾಡಿಯ ಕಡೆಗೆ ನಡೆದ.

ಉಪ್ಪುಗಾಳಿ ತಿಂದು ಮನೆಗಳು ಒತ್ತಿದರೂ ಕೇಳದಾದವು.
ಅಪ್ಪ ದೀಪಗಳನ್ನು ಕಿತ್ತು
ಯಾರದೋ ಟೇಪ್ ರೆಕಾರ್ಡರಿಗೆ ಹಾಕಿದ.
ಬಿಲ್ಲು ಪುಸ್ತಕ ನನ್ನಲ್ಲಿದೆ.
ಮುಂದೆ: ಮರ್ಫಿ, ವಾಲ್ವು ಬದಲು, ಹನ್ನೆರಡು ರೂಪಾಯಿ, ಬಾಕಿ.
ಹಿಂದೆ: ಆನೆ ಎ-ಏಳು.
ಆ ಒಂದು ಸಾಲನ್ನು ಎಷ್ಟು ಒತ್ತಿ ಬರೆದಿದ್ದೆನೆಂದರೆ
ಮರ್ಫಿಯ ಲೆಕ್ಕದ ನಡುವೆ
ಅದು ತಿರುಗುಮುರುಗಾಗಿ ಉಬ್ಬಿ ನಿಂತಿದೆ.